ಹಿತ್ತಾಳೆಯ ಮೇಲೆ ಕೆತ್ತಿದ ಅಂಗಡಿಯ ಹೆಸರು

ಹಳೆಯ ಹಿತ್ತಾಳೆ ಸೂಕ್ಷ್ಮದರ್ಶಕ ಕೈಗೆ ಬಂದರೆ ಮಸೂರಕ್ಕಿಂತ ಮೊದಲು ಅದರ ಬುಡವನ್ನೂ ಕೊಳವೆಯನ್ನೂ ನೋಡಿ. ಅಲ್ಲಿ ಕೆತ್ತಿರುವುದು ಎಷ್ಟೋ ಸಲ ತಯಾರಕನ ಹೆಸರಲ್ಲ, ಮಾರಿದವನದು. 19ನೇ ಶತಮಾನದ ಅಂಗಡಿಗಳು ಬೇರೆಯವರು ಮಾಡಿದ ಉಪಕರಣದ ಮೇಲೂ ತಮ್ಮ ಹೆಸರು ಕೆತ್ತಿಸುತ್ತಿದ್ದವು. ಆದರೂ ಆ ಒಂದು ಸಾಲು ಉಪಕರಣದ ವಯಸ್ಸನ್ನು ಹೇಳಿಬಿಡಬಲ್ಲದು.

ಲಂಡನ್ನಿನ ಬೆಕ್ ಸಂಸ್ಥೆ ತಯಾರಿಕೆ, ಮಾರಾಟ ಎರಡನ್ನೂ ಮಾಡುತ್ತಿತ್ತು. 1826ರಲ್ಲಿ ಮಸೂರಗಳ ದೋಷ ತಿದ್ದಲು ಶ್ರಮಿಸಿದ ಜೋಸೆಫ್ ಜಾಕ್ಸನ್ ಲಿಸ್ಟರ್‌ನ ವಿನ್ಯಾಸದಂತೆ ಸೂಕ್ಷ್ಮದರ್ಶಕ ಕಟ್ಟಿದ ಕುಶಲಿ ಜೇಮ್ಸ್ ಸ್ಮಿತ್. 1847ರಲ್ಲಿ ರಿಚರ್ಡ್ ಬೆಕ್ ಅವನ ಪಾಲುದಾರನಾದಾಗ ಸಂಸ್ಥೆಯ ಹೆಸರು ‘ಸ್ಮಿತ್ ಅಂಡ್ ಬೆಕ್’ ಆಯಿತು. 1850ರ ದಶಕದಲ್ಲಿ ರಿಚರ್ಡ್‌ನ ತಮ್ಮ ಜೋಸೆಫ್ ಬೆಕ್ ಸೇರಿದ ಮೇಲೆ ‘ಸ್ಮಿತ್, ಬೆಕ್ ಅಂಡ್ ಬೆಕ್’. 1860ರ ದಶಕದ ನಡುವೆ ಸ್ಮಿತ್ ಹೊರಬಿದ್ದಾಗ ‘ಆರ್. ಅಂಡ್ ಜೆ. ಬೆಕ್’. ವಿಳಾಸವೂ ನೆರವಾಗುತ್ತದೆ: ಕಾರ್ನ್‌ಹಿಲ್ ಬೀದಿಯ 31ನೇ ಸಂಖ್ಯೆ ಮೊದಲಿನದು, 68 ಆಮೇಲಿನದು.

ಆದರೆ ಹೆಸರೊಂದನ್ನೇ ನಂಬಬಾರದು. ವಸ್ತುಮಸೂರದ (ನೋಡುವ ವಸ್ತುವಿನ ಕಡೆಗಿರುವ ಮಸೂರದ) ತಿರುಪನ್ನೂ ಅಳೆಯಿರಿ. 1858ರಲ್ಲಿ ಲಂಡನ್ನಿನ ಸೂಕ್ಷ್ಮದರ್ಶಕ ಸಂಘ ಒಂದೇ ಬಗೆಯ ತಿರುಪನ್ನು ಗೊತ್ತುಮಾಡಿತು: ಸುಮಾರು 20.3 ಮಿ.ಮೀ. ವ್ಯಾಸ, ಅಂಗುಲಕ್ಕೆ 36 ಎಳೆ. ಅದಕ್ಕಿಂತ ಹಳೆಯ ಉಪಕರಣದಲ್ಲಿ ಈ ತಿರುಪಿನ ಮಸೂರ ಕೂತಿದ್ದರೆ ಮಸೂರವನ್ನು ನಂತರ ಬದಲಿಸಿರಬಹುದು. ಆ ಕಾಲದ ಇಂಗ್ಲಿಷ್ ಮಸೂರಗಳ ಮೇಲೆ ವರ್ಧನೆಯ (ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬುದರ) ಬದಲು ನಾಭಿದೂರ ಇರುತ್ತದೆ. 10 ಅಂಗುಲದ ಕೊಳವೆಯಲ್ಲಿ 1/4 ಅಂಗುಲದ್ದು ಸುಮಾರು 40 ಪಟ್ಟು ದೊಡ್ಡದು ಮಾಡುತ್ತದೆ.

ಶುಚಿಮಾಡುವಾಗಲೇ ಹೆಚ್ಚಿನ ಹಾನಿ. ಹಿತ್ತಾಳೆಯ ಬಂಗಾರದ ಬಣ್ಣ ಲೋಹದ್ದಷ್ಟೇ ಅಲ್ಲ, ಅದರ ಮೇಲೆ ಹಚ್ಚಿದ ಅರಗಿನ ತೆಳುಪದರದ್ದೂ ಹೌದು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಸ್ಪಿರಿಟ್ ತಾಗಿದರೆ ಆ ಪದರ ಹೋಯಿತು. ಪಾಲಿಶ್ ತಿಕ್ಕಿದರೆ ಕೆತ್ತನೆಯೂ ಸವೆಯುತ್ತದೆ. ಸೌಮ್ಯ ಸಾಬೂನಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು, ಕೂಡಲೇ ಒಣಬಟ್ಟೆಯಿಂದ ಒರೆಸಬೇಕು.

ಫೋಕಸ್ ಗುಂಡಿ ತಿರುಗದಿದ್ದರೆ ಬಲ ಹಾಕಬೇಡಿ. ಹಳೆಯ ಗ್ರೀಸ್ ಅಂಟಿನಂತೆ ಗಟ್ಟಿಯಾಗಿರುತ್ತದೆ, ಮೊದಲು ಮುರಿಯುವುದು ಚಕ್ರದ ಹಲ್ಲು. ಮಸೂರಗಳನ್ನು ತೆಗೆದಿಟ್ಟು, ಆ ಚಕ್ರ ಕಚ್ಚಿಕೊಳ್ಳುವ ಹಲ್ಲುಪಟ್ಟಿಗೆ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು, ಒಂದು ದಿನ ಕಾಯಿರಿ. ಮಸೂರದೊಳಗೆ ಕಾಮನಬಿಲ್ಲಿನ ಬಣ್ಣದ ಮಚ್ಚೆ ಕಂಡರೆ ಅದು ಕೊಳೆಯಲ್ಲ. ಎರಡು ಗಾಜುಗಳನ್ನು ಬೆಸೆದಿದ್ದ ಕೆನಡಾ ಬಾಲ್ಸಮ್ ಅಂಟು ಬಿಟ್ಟಿದೆ. ಒರೆಸಿದರೆ ಹೋಗದು, ಗಾಜು ಬಿಡಿಸಿ ಮತ್ತೆ ಅಂಟಿಸುವ ಕೆಲಸ ಬಲ್ಲವರಿಗೇ ಬಿಡಿ.