ಮಕ್ಕಳ ಕೆಟ್ಟ ಕನಸು: ರಾತ್ರಿಯ ಕೆಲಸ ಸ್ವಲ್ಪ, ಹಗಲಿನ ಕೆಲಸ ಜಾಸ್ತಿ

ರಾತ್ರಿ ಮಗು ಕಿರುಚಿದಾಗ ಒಮ್ಮೆ ಗಡಿಯಾರ ನೋಡಿ. ಮಕ್ಕಳ ಮನಶ್ಶಾಸ್ತ್ರ ಓದುವ ನಮಗೆ ಈ ಪಾಠದಲ್ಲಿ ಸಿಗುವ ಮೊದಲ ಸುಳಿವು ಅದೇ. ಒಂಬತ್ತಕ್ಕೆ ಮಲಗಿದ ಮಗು ಹತ್ತೂವರೆಗೆ ಚೀರಿದರೆ ಅದು ಹೆಚ್ಚಾಗಿ ಕೆಟ್ಟ ಕನಸಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಅಳುತ್ತಾ ಎದ್ದು ಅಮ್ಮನನ್ನು ತಬ್ಬಿಕೊಂಡರೆ, ಅದು ಕೆಟ್ಟ ಕನಸೇ ಇರಬಹುದು. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಕೇಳುತ್ತಾರೆ, ಸರಿ. ಆದರೆ ಮನೆಯಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ.

ಎರಡರ ನಡುವಿನ ವ್ಯತ್ಯಾಸ

ನಿದ್ದೆ ಒಂದೇ ಸಮನೆ ಸಾಗುವುದಿಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಒಂದು ವಿಚಿತ್ರ ಹಂತವನ್ನು ವರದಿ ಮಾಡಿದರು. ಆ ಹಂತದಲ್ಲಿ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗಳು ಸರಸರನೆ ಆಡುತ್ತವೆ. ಅಸೆರಿನ್ಸ್ಕಿ ಮೊದಮೊದಲು ಪರೀಕ್ಷೆ ಮಾಡಿದವರಲ್ಲಿ ಅವರ ಎಂಟು ವರ್ಷದ ಮಗನೂ ಇದ್ದ. ಕಣ್ಣು ಸರಸರನೆ ಆಡುವ ಈ ಹಂತವನ್ನೇ ಈಗ ರೆಮ್ ನಿದ್ದೆ ಎನ್ನುತ್ತೇವೆ. ನಮಗೆ ನೆನಪಿರುವಂಥ, ಕಥೆಯಂಥ ಕನಸುಗಳು ಹೆಚ್ಚಾಗಿ ಬೀಳುವುದು ಇಲ್ಲೇ. ರೆಮ್ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಕಡಿಮೆ, ಬೆಳಗಾಗುತ್ತಾ ಬಂದಂತೆ ಜಾಸ್ತಿ. ಅದಕ್ಕೇ ಕೆಟ್ಟ ಕನಸು ಬೆಳಗಿನ ಜಾವದ ಕಡೆಗೆ ಬರುತ್ತದೆ. ಈ ಹಂತದಲ್ಲಿ ಕೈಕಾಲಿನ ಸ್ನಾಯುಗಳು ಸಡಿಲವಾಗಿ ಬಿಗಿ ಕಳೆದುಕೊಂಡಿರುತ್ತವೆ. ಕನಸಿನಲ್ಲಿ ಮಗು ಓಡುತ್ತಿದ್ದರೂ ಹಾಸಿಗೆಯ ಮೇಲೆ ಹೆಚ್ಚು ಅಲುಗಾಡುವುದಿಲ್ಲ. ಎದ್ದ ಮೇಲೆ ಅಳು. ಆಗ ಅದಕ್ಕೆ ಪೂರ್ತಿ ಎಚ್ಚರ ಇರುತ್ತದೆ, ಕನಸು ನೆನಪಿರುತ್ತದೆ, ಅಪ್ಪ ಅಮ್ಮ ಬೇಕು ಎನ್ನುತ್ತದೆ.

ಇನ್ನೊಂದು ನೈಟ್ ಟೆರರ್. ಇದು ಗಾಢ ನಿದ್ದೆಯಿಂದ ಅರ್ಧ ಎಚ್ಚರವಾಗಿ, ಇನ್ನರ್ಧ ನಿದ್ದೆಯಲ್ಲೇ ಸಿಕ್ಕಿಕೊಳ್ಳುವ ಸ್ಥಿತಿ. 1968ರಲ್ಲಿ ರೋಜರ್ ಬ್ರೌಟನ್ ಬರೆದ ಲೇಖನದ ನಂತರ, ಇದು ಕನಸಿಗಿಂತ ಹೆಚ್ಚಾಗಿ ಎಚ್ಚರವಾಗುವಾಗಿನ ತೊಡಕು ಎಂಬ ತಿಳಿವಳಿಕೆ ಗಟ್ಟಿಯಾಯಿತು. ಮಲಗಿದ ಒಂದರಿಂದ ಮೂರು ಗಂಟೆಯೊಳಗೆ ಮಗು ದಿಢೀರನೆ ಎದ್ದು ಕೂರುತ್ತದೆ, ಚೀರುತ್ತದೆ, ಬೆವರುತ್ತದೆ. ಕಣ್ಣು ತೆರೆದಿರುತ್ತದೆ, ಆದರೆ ಎದುರಿಗೆ ನಿಂತ ಅಮ್ಮನ ಗುರುತು ಸಿಗುವುದಿಲ್ಲ. ಹಿಡಿದುಕೊಂಡರೆ ಇನ್ನೂ ಒದ್ದಾಡುತ್ತದೆ. ಕೆಲವು ನಿಮಿಷದ ನಂತರ ತಾನಾಗಿ ಮಲಗುತ್ತದೆ. ಬೆಳಿಗ್ಗೆ ಕೇಳಿದರೆ ಏನೂ ಗೊತ್ತಿಲ್ಲ.

ನೋಡುವವರಿಗೆ ನೈಟ್ ಟೆರರ್ ಭಯಂಕರ. ಮಗುವಿಗೆ ಅದರ ನೆನಪೇ ಇರುವುದಿಲ್ಲ. ಆದ್ದರಿಂದ ಅಲುಗಾಡಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಹಾಕಬೇಡಿ. ಬಿದ್ದು ಏಟಾಗದಂತೆ ಪಕ್ಕದಲ್ಲಿ ಇರಿ, ಅಷ್ಟೇ. ಮಾರನೇ ದಿನ ನೆಂಟರ ಮುಂದೆ "ನಿನ್ನೆ ಹೇಗೆ ಕಿರುಚಿದ ಗೊತ್ತಾ" ಎಂದು ಹೇಳುವುದೂ ಬೇಡ. ಗೊತ್ತಿಲ್ಲದ ಭಯವನ್ನು ಹೊಸದಾಗಿ ಕೊಟ್ಟಂತಾಗುತ್ತದೆ. ದಿನಾ ಒಂದೇ ಹೊತ್ತಿಗೆ ಬರುತ್ತಿದ್ದರೆ ಆ ಹೊತ್ತಿಗೆ 15-30 ನಿಮಿಷ ಮುಂಚೆ ಮೆಲ್ಲಗೆ ಸ್ವಲ್ಪ ಎಚ್ಚರ ಮಾಡಿಸಿ ಮತ್ತೆ ಮಲಗಿಸುವ ಒಂದು ವಿಧಾನ ಇದೆ. ಹೆಚ್ಚಿನ ಮಕ್ಕಳಲ್ಲಿ ಇದು ಬೆಳೆಯುತ್ತಾ ನಿಂತುಹೋಗುತ್ತದೆ.

ಭಯ ಎಲ್ಲಿಂದ ಬರುತ್ತದೆ

ಈಗ ಕೆಟ್ಟ ಕನಸಿಗೆ ಮರಳೋಣ. ಮೂರು ವರ್ಷದ ಹೊತ್ತಿಗೆ ಮಾತು ಬಂದು, ಕಲ್ಪನೆ ಬೆಳೆದ ಮೇಲೆ ಮಕ್ಕಳು ಕೆಟ್ಟ ಕನಸಿನ ಬಗ್ಗೆ ಹೇಳತೊಡಗುತ್ತಾರೆ. ಆಗೊಮ್ಮೆ ಈಗೊಮ್ಮೆ ಬರುವುದು ಸಹಜ. ರೆಮ್ ನಿದ್ದೆಯಲ್ಲಿ ಭಯವನ್ನು ಗುರುತಿಸುವ ಮೆದುಳಿನ ಭಾಗ, ಅಂದರೆ ಅಮಿಗ್ಡಲಾ, ಚುರುಕಾಗಿರುತ್ತದೆ. ಬೆಲ್ಜಿಯಂನ ಪಿಯೆರ್ ಮಾಕೆ ಮತ್ತು ಜೊತೆಗಾರರು 1996ರಲ್ಲಿ ಮೆದುಳಿನ ಸ್ಕ್ಯಾನ್ ಮೂಲಕ ಇದನ್ನು ತೋರಿಸಿದರು. ಯೋಚಿಸಿ ತೂಗಿ ನೋಡುವ ಮೆದುಳಿನ ಮುಂಭಾಗ ಆ ಹೊತ್ತಿನಲ್ಲಿ ಮಂಕಾಗಿರುತ್ತದೆ. ಹಾಗಾಗಿ ಕನಸಿನ ಒಳಗೆ "ಇದು ಸುಳ್ಳು" ಎಂದು ಹೇಳುವವರೇ ಇರುವುದಿಲ್ಲ.

ಎದ್ದ ಮೇಲೂ ಸಣ್ಣ ಮಕ್ಕಳಿಗೆ ಅದು ಕಷ್ಟವೇ. ಕನಸು ಹೊರಗಿನಿಂದ ಬರುತ್ತದೆ, ಕೋಣೆಯಲ್ಲೇ ಇರುತ್ತದೆ ಎಂದು ಪುಟ್ಟ ಮಕ್ಕಳು ನಂಬುತ್ತಾರೆ, ಅದು ತಲೆಯ ಒಳಗಿನದು ಎಂದು ತಿಳಿಯುವುದು ನಿಧಾನವಾಗಿ ಎಂದು ಮಕ್ಕಳ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲೇ ಬರೆದರು. ಮೂರು-ನಾಲ್ಕು ವರ್ಷದವರಿಗೂ ಕನಸು ನಿಜವಲ್ಲ ಎಂಬ ಅರಿವು ಸ್ವಲ್ಪ ಮಟ್ಟಿಗೆ ಇರುತ್ತದೆ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ. ನನಗೆ ಇಬ್ಬರದ್ದೂ ಸರಿ ಅನಿಸುತ್ತದೆ. ಹಗಲಲ್ಲಿ ಕೇಳಿದರೆ "ಕನಸು ಸುಳ್ಳು" ಎನ್ನುವ ಮಗುವೇ ಕತ್ತಲಲ್ಲಿ ಮಂಚದ ಕೆಳಗೆ ನೋಡಲು ಹೆದರುತ್ತದೆ, ಅಲ್ವಾ?

ಕಾರಣಗಳಲ್ಲಿ ಕೆಲವು ಮನೆಯಲ್ಲೇ ಇರುತ್ತವೆ. ಶಾಲೆ ಬದಲು, ತಮ್ಮ ಅಥವಾ ತಂಗಿ ಹುಟ್ಟಿದ್ದು, ಅಪ್ಪ ಅಮ್ಮನ ಜಗಳ, ಜ್ವರ, ಮಲಗುವ ಮುಂಚೆ ನೋಡಿದ ಹೆದರಿಕೆಯ ವಿಡಿಯೊ. ನಿದ್ದೆ ಸಾಲದಿರುವುದೂ ಒಂದು ಕಾರಣ. 3ರಿಂದ 5 ವರ್ಷದವರಿಗೆ ದಿನಕ್ಕೆ, ಹಗಲು ನಿದ್ದೆ ಸೇರಿ, 10-13 ಗಂಟೆ, 6ರಿಂದ 12 ವರ್ಷದವರಿಗೆ 9-12 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ತಜ್ಞರ ಸಂಸ್ಥೆ 2016ರಲ್ಲಿ ಹೇಳಿತು. ರಾತ್ರಿ ಹನ್ನೊಂದರ ತನಕ ಟಿವಿ ಓಡುವ ಮನೆಯಲ್ಲಿ, ಬೆಳಿಗ್ಗೆ ಏಳಕ್ಕೆ ಸ್ಕೂಲ್ ವ್ಯಾನ್ ಬರುವ ಮಗುವಿಗೆ ಇದು ಎಲ್ಲಿ ಸಿಗಬೇಕು?

ನಾವು ಕೇಳಲು ಮರೆಯುವ ಇನ್ನೊಂದು ವಿಷಯ ಔಷಧ. ಅಲರ್ಜಿಗೂ ಅಸ್ತಮಾಕ್ಕೂ ಕೊಡುವ ಮಾಂಟೆಲುಕಾಸ್ಟ್‌ನಿಂದ ಕೆಲವರಲ್ಲಿ ಕೆಟ್ಟ ಕನಸು, ಮನಸ್ಸಿನ ಏರುಪೇರು ಕಾಣಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದರ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ನಮ್ಮಲ್ಲಿ ನೆಗಡಿ ಸಿರಪ್‌ನಲ್ಲೂ ಈ ಔಷಧ ಬೆರೆತಿರುತ್ತದೆ. ಕನಸು ಶುರುವಾದದ್ದೂ ಔಷಧ ಶುರುವಾದದ್ದೂ ಒಂದೇ ವಾರವಾ ಎಂದು ಕೇಳಿ. ಆದರೆ ಅಸ್ತಮಾ ಇರುವ ಮಗುವಿಗೆ ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ಮತ್ತೆ ಗುಮ್ಮ. "ಊಟ ಮಾಡದಿದ್ರೆ ಗುಮ್ಮ ಬರ್ತಾನೆ" ಎಂದು ಸಂಜೆ ಹೆದರಿಸಿ, ರಾತ್ರಿ "ಗುಮ್ಮ ಗಿಮ್ಮ ಏನೂ ಇಲ್ಲ, ಮಲಗು" ಎಂದರೆ ಮಗು ಯಾವುದನ್ನು ನಂಬಬೇಕು? ಈ ಅಭ್ಯಾಸ ಬಿಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಾತ್ರಿ

ಬೇಗ ಹೋಗಿ, ಮುಟ್ಟಿ, ಮೆಲುದನಿಯಲ್ಲಿ ಮಾತಾಡಿ. "ಕೆಟ್ಟ ಕನಸು ಬಿತ್ತಾ ಪುಟ್ಟಾ? ಹೆದರಿಕೆ ಆಯ್ತಾ? ನೋಡು, ಇದು ನಮ್ಮನೆ, ಅಮ್ಮ ಇಲ್ಲೇ ಇದ್ದೀನಿ." ಇಷ್ಟು ಸಾಕು. "ಅದಕ್ಕೆಲ್ಲ ಅಳ್ತಾರಾ" ಎನ್ನಬೇಡಿ. ಕನಸು ನಿಜವಲ್ಲದಿರಬಹುದು, ಆ ಎದೆಬಡಿತ ನಿಜ. ಕಥೆ ಪೂರ್ತಿ ಹೇಳು ಎಂದು ಆ ಹೊತ್ತಿನಲ್ಲಿ ಕೆದಕುವುದೂ ಬೇಡ. ಮೊಬೈಲ್ ಕೊಟ್ಟು ಸಮಾಧಾನ ಮಾಡಿದರೆ ನಿದ್ದೆ ಇನ್ನೂ ದೂರ ಹೋಗುತ್ತದೆ.

ಪಠ್ಯಪುಸ್ತಕಗಳು ಮಗುವನ್ನು ಅದರ ಕೋಣೆಗೇ ವಾಪಸ್ ಕರೆದುಕೊಂಡು ಹೋಗಿ ಮಲಗಿಸಿ ಎನ್ನುತ್ತವೆ. ಅವು ಮಗುವಿಗೆ ಬೇರೆ ಕೋಣೆ ಇರುವ ಮನೆಗಳಿಗೆ ಬರೆದವು. ನಮ್ಮಲ್ಲಿ ಎಷ್ಟೋ ಮಕ್ಕಳು ಅಮ್ಮನ ಪಕ್ಕ, ಅಜ್ಜಿಯ ಪಕ್ಕ ಮಲಗುತ್ತವೆ. ಆ ಸಲಹೆಯನ್ನು ಇಲ್ಲಿಗೆ ಹಾಗೇ ಎತ್ತಿ ತರಬೇಕಾಗಿಲ್ಲ.

ಅಜ್ಜಿ ವಿಭೂತಿ ಹಚ್ಚಿದರೆ ತಡೆಯಬೇಡಿ. ಬೆಚ್ಚಗಿನ ಕೈ, ದಿನಾ ಅದೇ ಮಾತು, ಅದೇ ಕ್ರಮ. ಮಗುವಿಗೆ ಬೇಕಾದದ್ದು ಅದೇ. ಆದರೆ "ಏನೋ ಗಾಳಿ ಸೋಕಿದೆ" ಎಂದು ಅದರ ಕಿವಿಗೆ ಬೀಳುವಂತೆ ಹೇಳಬಾರದು. ದಿಂಬಿನ ಕೆಳಗೆ ಚಾಕು ಇಡುವ ಪದ್ಧತಿಯೂ ಬೇಡ, ಮಗುವಿಗೆ ಅಪಾಯ.

ಹಗಲು

ನಿಜವಾದ ಸಹಾಯ ಇಲ್ಲಿದೆ. ಮಗು ಹೊಟ್ಟೆ ತುಂಬಿಸಿಕೊಂಡು ಹಾಯಾಗಿ ಆಡುತ್ತಿರುವಾಗ ಕಾಗದ, ಬಣ್ಣ ಕೊಡಿ. ನಾಲ್ಕೂವರೆ ವರ್ಷದ ಹುಡುಗಿಗೆ ಬೀದಿನಾಯಿ ಅಟ್ಟಿಸಿಕೊಂಡು ಬರುವ ಕನಸು ಪದೇ ಪದೇ ಬೀಳುತ್ತದೆ ಎಂದುಕೊಳ್ಳೋಣ. ನಾಯಿ ಬಿಡಿಸಲಿ. ಆಮೇಲೆ ಕೇಳಿ: "ಈಗ ಇಲ್ಲಿಂದ ಮುಂದೆ ನಿನಗೆ ಬೇಕಾದ ಹಾಗೆ ಕಥೆ ಮಾಡು." ಅವಳು ನಾಯಿಗೆ ಬಿಸ್ಕತ್ತು ಕೊಡಬಹುದು, ಅದನ್ನು ಇಲಿಯಷ್ಟು ಚಿಕ್ಕದು ಮಾಡಬಹುದು, ಅಥವಾ ತಾನೇ ಆನೆ ಹತ್ತಿ ಹೋಗಬಹುದು. ಯಾವ ಕೊನೆ ಎಂದು ನಾವು ಹೇಳಿಕೊಡಬಾರದು. ನಾವು ಕೊಟ್ಟ ಕೊನೆಯಲ್ಲಿ ಗೆದ್ದವರು ನಾವು, ಅವಳಲ್ಲ. ಆ ಹೊಸ ಕಥೆಯನ್ನು ದಿನಾ ಐದು-ಹತ್ತು ನಿಮಿಷ, ಕೆಲವು ವಾರ, ಕಣ್ಣು ಮುಚ್ಚಿ ನೆನೆಯಲಿ ಅಥವಾ ಆಟವಾಡಿ ತೋರಿಸಲಿ.

ಇದು ಇಮೇಜರಿ ರಿಹರ್ಸಲ್ ಎಂಬ ಚಿಕಿತ್ಸೆಯ ಸರಳ ರೂಪ. ಬ್ಯಾರಿ ಕ್ರಾಕೋ ಮತ್ತು ಜೊತೆಗಾರರು 2001ರಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಕೆಟ್ಟ ಕನಸಿನಿಂದ ನರಳುತ್ತಿದ್ದ ಮಹಿಳೆಯರಿಗೆ ಇದರಿಂದ ಕನಸು ಕಡಿಮೆಯಾದದ್ದನ್ನು ತೋರಿಸಿದರು. ಮಕ್ಕಳಿಗೆ ಇದನ್ನು ಚಿತ್ರ, ಆಟದ ಮೂಲಕ ಮಾಡಿಸುತ್ತಾರೆ. ತೀರಾ ಭಯಂಕರ ಕನಸಿನಿಂದ ಶುರು ಮಾಡಬಾರದು, ಚಿಕ್ಕದರಿಂದ ಶುರು ಮಾಡಬೇಕು.

ನನಗೆ ತುಂಬಾ ಇಷ್ಟವಾದ ಪ್ರಯೋಗ ಇಸ್ರೇಲಿನದು. 2006ರ ಲೆಬನಾನ್ ಯುದ್ಧದ ಹೊತ್ತಿನಲ್ಲಿ ಅವಿ ಸಾದೆ ಮತ್ತು ಜೊತೆಗಾರರು ಹೆದರಿದ ಚಿಕ್ಕ ಮಕ್ಕಳಿಗೆ ಒಂದು ಬಟ್ಟೆಯ ನಾಯಿಮರಿ ಕೊಟ್ಟರು. "ಇದಕ್ಕೆ ಬೇಜಾರಾಗಿದೆ, ಮನೆ ದೂರ ಇದೆ, ಇದನ್ನು ನೀನು ನೋಡಿಕೊಳ್ತೀಯಾ?" ಎಂಬಂತೆ ಕೇಳಿದರು. ಗೊಂಬೆಯನ್ನು ಹಚ್ಚಿಕೊಂಡ, ಚೆನ್ನಾಗಿ ನೋಡಿಕೊಂಡ ಮಕ್ಕಳಲ್ಲಿ ಒತ್ತಡದ ಲಕ್ಷಣಗಳು ಕಡಿಮೆಯಾದವು. ಮುಂದೆ ರಾತ್ರಿ ಹೆದರುವ ಮಕ್ಕಳ ಮೇಲೂ ಇದನ್ನು ಮಾಡಿ ನೋಡಿದರು. ಗೊಂಬೆ ನಿನ್ನನ್ನು ಕಾಯುತ್ತದೆ ಎಂದರೂ, ಗೊಂಬೆಯನ್ನು ನೀನು ಕಾಯಬೇಕು ಎಂದರೂ, ಎರಡೂ ಕೆಲಸ ಮಾಡಿದವು. ದುಬಾರಿ ಗೊಂಬೆ ಬೇಕಾಗಿಲ್ಲ. ಹಳೇ ಸೀರೆಯ ತುಂಡಿನಿಂದ ಹೊಲಿದದ್ದೂ ಆದೀತು.

ಮನೆಯವರ ಕೈ ಮೀರಿದಾಗ

1976ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲಾ ಊರಿನ ಶಾಲಾ ಬಸ್ಸನ್ನು ಅಡ್ಡಗಟ್ಟಿ, 26 ಮಕ್ಕಳನ್ನೂ ಚಾಲಕನನ್ನೂ ಅಪಹರಿಸಿ, ನೆಲದಡಿ ಹೂತಿಟ್ಟ ವಾಹನದಲ್ಲಿ ಕೂಡಿಹಾಕಿದ್ದರು. ಎಲ್ಲರೂ ಜೀವಂತ ಹೊರಬಂದರು. ಮನೋವೈದ್ಯೆ ಲೆನೋರ್ ಟೆರ್ ಆ ಮಕ್ಕಳನ್ನು ವರ್ಷಗಟ್ಟಲೆ ಮಾತಾಡಿಸಿದರು. ಕೆಲವರಿಗೆ ನಡೆದದ್ದೇ ಕನಸಾಗಿ ಮರುಕಳಿಸುತ್ತಿತ್ತು, ಕೆಲವರಿಗೆ ವೇಷ ಬದಲಿಸಿ ಬರುತ್ತಿತ್ತು, ತಾವೇ ಸತ್ತಂತೆ ಕಂಡವರೂ ಇದ್ದರು. ಅಪಘಾತ, ಬೆಂಕಿ, ನೆರೆ, ಹೊಡೆತ, ಲೈಂಗಿಕ ಕಿರುಕುಳ, ಇಂಥವುಗಳ ನಂತರ ಬರುವ ಕನಸನ್ನು ಚಿತ್ರ ಬಿಡಿಸಿ ಸರಿ ಮಾಡುತ್ತೇವೆ ಎಂದು ಹೊರಡಬಾರದು. ತರಬೇತಿ ಇರುವವರೇ ಬೇಕು.

ಅದೇ ರೀತಿ ಮಲಗಲೇ ಹೆದರುವುದು, ವಾರದಲ್ಲಿ ಹಲವು ಸಲ ಕನಸು ಬಿದ್ದು ಹಗಲಿನ ಓದು, ಆಟಕ್ಕೂ ತೊಂದರೆಯಾಗುವುದು, ಜೋರು ಗೊರಕೆ, ಇವಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಒಂದೇ ರಾತ್ರಿಯಲ್ಲಿ ಹಲವು ಸಲ, ಪ್ರತಿ ಸಲವೂ ಒಂದೇ ರೀತಿ ಕೈಕಾಲು ಸೆಟೆದುಕೊಂಡರೆ ಫಿಟ್ಸ್ ಇರಬಹುದು, ತಡ ಮಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಉಚಿತವಾಗಿ ಕರೆ ಮಾಡಬಹುದು. ಮಗುವಿಗೆ ಯಾರಿಂದಾದರೂ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098.

ತುರ್ತಿಲ್ಲದಿದ್ದರೆ, ವೈದ್ಯರ ಹತ್ತಿರ ಹೋಗುವ ಮುಂಚೆ ಎರಡು ವಾರ ಬರೆದಿಡಿ: ಮಲಗಿದ ಹೊತ್ತು, ಎದ್ದ ಹೊತ್ತು, ಬೆಳಿಗ್ಗೆ ನೆನಪಿತ್ತಾ, ಯಾವ ಔಷಧ ನಡೆಯುತ್ತಿದೆ. ಕಿರುಚುವಾಗ ಮೊಬೈಲ್‌ನಲ್ಲಿ ಒಂದು ನಿಮಿಷದ ವಿಡಿಯೊ ತೆಗೆದಿದ್ದರೆ ಅದನ್ನೂ ತೋರಿಸಿ. ಎಷ್ಟು ವಿವರಿಸಿದರೂ ಸಿಗದ ಸುಳಿವು ವೈದ್ಯರಿಗೆ ಅದರಲ್ಲಿ ಸಿಗಬಹುದು.