ಜೀವಂತ ಗುಂಡು ಅಂದರೇನು ಸ್ವಾಮಿ?

‘ಪಿಸ್ತೂಲು, ಆರು ಜೀವಂತ ಗುಂಡು ವಶ.’ ಪೇಪರಿನಲ್ಲಿ ಇಂಥದ್ದು ಎಷ್ಟು ಸಲ ಓದಿಲ್ಲ! ಗುಂಡಿಗೆ ಜೀವ ಎಲ್ಲಿಂದ ಬಂತು? ಅದು ಬರೀ ಸೀಸ, ತಾಮ್ರದ ತುಂಡು. ಜೀವ ಇರುವುದೇನಿದ್ದರೂ ಇನ್ನೂ ಸಿಡಿಯದ ತೋಟಾದಲ್ಲಿ. ಮೊನ್ನೆ ಅಮೆರಿಕದ ಬೇಟೆಗಾರರ ಬಗ್ಗೆ ಒಂದು ಬರಹ ಓದಿದೆ. ‘ಸೀಟಿಂಗ್ ಡೆಪ್ತ್’ ಅಂದರೆ ಗುಂಡು ಬಂದೂಕಿನೊಳಗೆ ಎಷ್ಟು ಆಳಕ್ಕೆ ಕೂರುತ್ತದೆ ಎಂಬುದಂತೆ! ಇನ್ನು ಸುಮ್ನಿರಲು ಆಗಲಿಲ್ಲ.

ತೋಟಾ ಅಂದರೆ ಒಂದು ಹಿತ್ತಾಳೆ ಕೊಳವೆ. ಬುಡದಲ್ಲಿ ಕಿಡಿ ಹಚ್ಚುವ ಪ್ರೈಮರ್, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಇದಕ್ಕೇ ಕಾಡತೂಸು ಅಂತಲೂ ಹೆಸರು. ಕಾಡಿಗೂ ಅದಕ್ಕೂ ನಂಟಿಲ್ಲ. ಹಿಂದಿಯ ಕಾರತೂಸ್, ಇಂಗ್ಲಿಷಿನ ಕಾರ್ಟ್ರಿಜ್, ಫ್ರೆಂಚಿನ ಕಾರ್ಟೂಶ್ ಎಲ್ಲ ಒಂದೇ ಮನೆಯವು. ಹಿಂದಕ್ಕೆ ಹೋದರೆ ಇಟಲಿಯ ಕಾರ್ತಾ ಸಿಗುತ್ತದೆ, ಅಂದರೆ ಕಾಗದ. ಆಗ ಅಳತೆಯ ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿ, ಕಡಲೆಕಾಯಿ ಪೊಟ್ಟಣದ ಹಾಗೆ ಇಟ್ಟುಕೊಳ್ಳುತ್ತಿದ್ದರು. 1857ರಲ್ಲಿ ಸಿಪಾಯಿಗಳು ಕಚ್ಚಲು ಒಲ್ಲೆ ಅಂದದ್ದು ಈ ಪೊಟ್ಟಣವನ್ನು, ಗುಂಡನ್ನಲ್ಲ. ಈಜಿಪ್ಟಿನ ದೊರೆಗಳ ಹೆಸರಿನ ಸುತ್ತ ಒಂದು ಉದ್ದನೆಯ ಚೌಕಟ್ಟು ಇರುತ್ತದಲ್ವಾ, ಅದಕ್ಕೂ ಕಾರ್ಟೂಶ್ ಅನ್ನುತ್ತಾರೆ. ಅಲ್ಲಿಗೆ ಹೋಗಿದ್ದ ಫ್ರೆಂಚ್ ಸೈನಿಕರಿಗೆ ಅದು ತಮ್ಮ ಸೊಂಟದ ತೋಟಾದಂತೆ ಕಂಡಿತ್ತು. (ಸಂಜೆ ಹಾಕುವ ಗುಂಡಿನ ಸುದ್ದಿಗೆ ನಾನು ಹೋಗುವುದಿಲ್ಲ.)

ಈಗ ಸೀಟಿಂಗ್ ಡೆಪ್ತ್. ಅಮೆರಿಕದಲ್ಲಿ ಎಷ್ಟೋ ಬೇಟೆಗಾರರು ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಹಿತ್ತಾಳೆಯ ಕತ್ತಿನೊಳಗೆ ಗುಂಡನ್ನು ಎಷ್ಟು ಇಳಿಸಿದೆ ಎಂಬುದೇ ಈ ಮಾತಿನ ಅರ್ಥ. ‘ಕೂರಿಸುವ ಆಳ’ ಅಂದರೆ ಸಾಕು. ಜಾಸ್ತಿ ಇಳಿಸಿದರೆ ಒಳಗಿನ ಜಾಗ ಕಮ್ಮಿಯಾಗಿ ಒತ್ತಡ ಏರುತ್ತದೆ. ತೀರಾ ಮುಂದೆ ಬಿಟ್ಟರೆ ಗುಂಡು ನಳಿಗೆಯ ಒಳಗೋಡೆಯ ಸುರುಳಿ ಗೆರೆಗೆ ತಾಗಿ ಆಗಲೂ ಏರುತ್ತದೆ. ಗುರಿ ಪಂದ್ಯದವರು ಬೇಕೆಂದೇ ತಾಗಿಸುವುದುಂಟು. ಬೇಟೆಗೆ ಆ ಶೋಕಿ ಬೇಡ. ಸಂಜೆ, ಹೊಡೆಯದೆ ಉಳಿದ ತೋಟಾವನ್ನು ಹೊರಗೆಳೆದಾಗ ಗುಂಡು ನಳಿಗೆಯಲ್ಲೇ ಕಚ್ಚಿಕೊಂಡರೆ, ಬರೀ ಹಿತ್ತಾಳೆ ಕೈಗೆ ಬರುತ್ತದೆ. ಮದ್ದೆಲ್ಲ ಬಂದೂಕಿನೊಳಗೆ ಚೆಲ್ಲಿರುತ್ತದೆ.

ಕೂರಿಸುವ ಆಳವನ್ನು ತೋಟಾದ ಒಟ್ಟು ಉದ್ದ ಅಂತಲೂ ತಿಳಿಯಬೇಡಿ. .30-06 ಅನ್ನುವ ಬೇಟೆಯ ತೋಟಾ 3.34 ಇಂಚು ಮೀರಬಾರದು ಅನ್ನುವುದು ಒಟ್ಟು ಉದ್ದದ ಲೆಕ್ಕ, ಮ್ಯಾಗಜೀನಿನಲ್ಲಿ, ಅಂದರೆ ಬಂದೂಕಿನ ತೋಟಾ ಡಬ್ಬಿಯಲ್ಲಿ, ಹಿಡಿಸಬೇಕಲ್ಲ. ಆ ಉದ್ದ ಗುಂಡಿನ ತುದಿಯವರೆಗಿನದು. ಆದರೆ ಮೆತ್ತನೆ ಸೀಸದ ತುದಿ ಒಂದು ಗುಂಡಿನಲ್ಲಿ ಚೂಪು, ಇನ್ನೊಂದರಲ್ಲಿ ಜಜ್ಜಿದ ಹಾಗೆ. ಅದಕ್ಕೇ ಗೊತ್ತಿದ್ದವರು ತುದಿಯನ್ನು ನಂಬುವುದಿಲ್ಲ. ತೋಟಾದ ಬುಡದಿಂದ, ಗುಂಡಿನ ಮೂಗು ದಪ್ಪಗಾಗುತ್ತಾ ಬಂದು ಗೆರೆಗೆ ತಾಗುವ ಜಾಗದವರೆಗೆ ಅಳೆಯುತ್ತಾರೆ.