ಮಟ್ಟ ಏರಿಕೆಯ ವಿನ್ಯಾಸ: ಸರ್ಕಲ್‌ಮಡ್‌ನ ಅನುಭವಾಂಕದ ಲೆಕ್ಕ

ಹಲವರು ಕೂಡಿ ಆಡುವ ಪಠ್ಯ ಆಧಾರಿತ ಪಾತ್ರಾಭಿನಯದ ಆಟಕ್ಕೆ, ಅಂದರೆ ಮಡ್‌ಗೆ, ಮಟ್ಟಗಳನ್ನು ರೂಪಿಸಲು ಹೊರಟವರು ಸಾಮಾನ್ಯವಾಗಿ ಯಾವ ಮಟ್ಟಕ್ಕೆ ಎಷ್ಟು ಅನುಭವಾಂಕ (ಎದುರಾಳಿಗಳನ್ನು ಕೊಂದು ಪಾತ್ರ ಗಳಿಸುವ ಅಂಕ) ಬೇಕೆಂಬ ಕೋಷ್ಟಕದಿಂದಲೇ ಆರಂಭಿಸುತ್ತಾರೆ. ಆದರೆ ಅಂಕ ಹೇಗೆ ಬರುತ್ತದೆ, ಪಾತ್ರ ಸತ್ತಾಗ ಎಷ್ಟು ಹೋಗುತ್ತದೆ, ಗುಂಪಿನಲ್ಲಿ ಹೇಗೆ ಹಂಚಿಕೆಯಾಗುತ್ತದೆ ಎಂಬ ನಿಯಮಗಳನ್ನು ಜೊತೆಗಿಟ್ಟು ಓದದಿದ್ದರೆ ಆ ಕೋಷ್ಟಕ ಬರಿಯ ಅಂಕಿಗಳ ಸಾಲು.

ಇದನ್ನು ಅರಿಯಲು ಸರ್ಕಲ್‌ಮಡ್ ಎಂಬ ಮಡ್ ತಂತ್ರಾಂಶ ಒಳ್ಳೆಯ ಉದಾಹರಣೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದ ಡಿಕುಮಡ್ ಎಂಬ ಹಿಂದಿನ ಮಡ್ ಅನ್ನು ಆಧರಿಸಿ ಜೆರೆಮಿ ಎಲ್ಸನ್ 1993ರಲ್ಲಿ ಇದನ್ನು ಬಿಡುಗಡೆ ಮಾಡಿದರು. ಸಿ ಭಾಷೆಯ ಇದರ ಕೋಡ್ ಎಲ್ಲರಿಗೂ ಓದಲು ಸಿಗುತ್ತದೆ.

ಇದರಲ್ಲಿ ಯೋಧನ ಎರಡನೆಯ ಮಟ್ಟಕ್ಕೆ 2,000 ಅಂಕ ಬೇಕು. ಮಾಂತ್ರಿಕನಿಗೆ 2,500, ಕಳ್ಳನಿಗೆ 1,250 ಸಾಕು. ಯೋಧನ ಸಾಲು ಮುಂದೆ 4,000, 8,000, 16,000 ಎಂದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತಾ ಒಂಬತ್ತನೆಯ ಮಟ್ಟಕ್ಕೆ 2,50,000, ಹತ್ತನೆಯದಕ್ಕೆ 5,00,000 ತಲುಪುತ್ತದೆ. ಅಲ್ಲಿಂದಾಚೆಗೆ ಇಮ್ಮಡಿಸುವಿಕೆ ನಿಂತು, ಪ್ರತಿ ಮಟ್ಟಕ್ಕೂ ಮೊದಲು 2,50,000, ನಂತರ 3,50,000 ಸೇರುತ್ತಾ ಹೋಗಿ ಇಪ್ಪತ್ತನೆಯ ಮಟ್ಟಕ್ಕೆ 36,00,000 ಆಗುತ್ತದೆ.

ಈಗ ಸಾವಿನ ನಿಯಮವನ್ನು ನೋಡೋಣ. ಪಾತ್ರ ಸತ್ತರೆ ಅದುವರೆಗಿನ ಒಟ್ಟು ಅಂಕದಲ್ಲಿ ಅರ್ಧ ಹೋಗುತ್ತದೆ, ಆದರೆ ಮಟ್ಟ ಇಳಿಯುವುದಿಲ್ಲ. ಒಂಬತ್ತನೆಯ ಮಟ್ಟಕ್ಕೆ ಆಗಷ್ಟೇ ಏರಿದ ಯೋಧ ಸತ್ತರೆ 1,25,000 ಉಳಿಯುತ್ತದೆ. ಅದು ಸರಿಯಾಗಿ ಎಂಟನೆಯ ಮಟ್ಟದ ಅಂಕ. ಸಾಲು ಇಮ್ಮಡಿಸುವವರೆಗೆ ‘ಅರ್ಧ’ ಎಂದರೆ ಸುಮಾರು ಒಂದು ಮಟ್ಟದ ದುಡಿಮೆ ಎಂದೇ ಅರ್ಥ. ಇದೇ ನಿಯಮ ಇಪ್ಪತ್ತನೆಯ ಮಟ್ಟದಲ್ಲೂ ತಡೆಯಿಲ್ಲದೆ ನಡೆದರೆ 18,00,000 ಹೋಗಿ, ಹದಿನೈದನೆಯ ಮಟ್ಟಕ್ಕೂ ಸಾಲದಷ್ಟು ಮಾತ್ರ ಉಳಿಯುತ್ತಿತ್ತು. ಹಾಗಾಗದಂತೆ ಒಂದು ಸಾವಿಗೆ ಗರಿಷ್ಠ 5,00,000 ನಷ್ಟ ಎಂಬ ಮಿತಿಯಿದೆ. ಒಟ್ಟು ಅಂಕ 10,00,000 ದಾಟಿದ ಮೇಲೆ, ಅಂದರೆ ಯೋಧನ ಹನ್ನೆರಡನೆಯ ಮಟ್ಟದಿಂದ, ಈ ಮಿತಿ ಕೆಲಸಕ್ಕೆ ಬರುತ್ತದೆ. ಇಪ್ಪತ್ತನೆಯ ಮಟ್ಟದವನಿಗೂ ಆಗುವ ನಷ್ಟ ಒಂದೂವರೆ ಮಟ್ಟದಷ್ಟೇ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬೆಲೆಯುಳ್ಳ ನಿಯಮ ಇದೇ. ಕೋಷ್ಟಕವನ್ನು ಬದಲಿಸಿ ಈ ಮಿತಿಯನ್ನು ಹಾಗೆಯೇ ಬಿಟ್ಟರೆ ಸಾವಿನ ಬೆಲೆಯೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

ಗಳಿಕೆಯ ಲೆಕ್ಕ ಇಷ್ಟು ಸಮಾಧಾನ ಕೊಡುವುದಿಲ್ಲ. ಒಬ್ಬನೇ ಕೊಂದರೆ ಎದುರಾಳಿ ಪ್ರಾಣಿಗೆ ನಿಗದಿಯಾದ ಅಂಕದಲ್ಲಿ ಮೂರನೇ ಒಂದು ಭಾಗ ಸಿಗುತ್ತದೆ. ಅದು ತನಗಿಂತ ಮೇಲಿನ ಮಟ್ಟದ್ದಾದರೆ ಪ್ರತಿ ಮಟ್ಟದ ಅಂತರಕ್ಕೂ ಎಂಟನೇ ಒಂದು ಭಾಗದಂತೆ ಹೆಚ್ಚುವರಿ ಸೇರಿ, ಎಂಟು ಮಟ್ಟದ ಅಂತರಕ್ಕೆ ಗಳಿಕೆ ಇಮ್ಮಡಿಯಾಗುತ್ತದೆ. 9,000 ಅಂಕದ, ನಾಲ್ಕು ಮಟ್ಟ ಮೇಲಿನ ಪ್ರಾಣಿಯನ್ನು ಒಬ್ಬನೇ ಕೊಂದವನಿಗೆ 4,500 ಬರುತ್ತದೆ. ಅದೇ ಪ್ರಾಣಿಯನ್ನು ಮೂವರು ಗುಂಪಾಗಿ ಕೊಂದರೆ ತಲಾ 1,000 ಮಾತ್ರ, ಏಕೆಂದರೆ ಗುಂಪಿನ ಲೆಕ್ಕದಲ್ಲಿ ಸಮಪಾಲು ಇದೆಯೇ ಹೊರತು ಆ ಹೆಚ್ಚುವರಿ ಇಲ್ಲ. ಜೊತೆಯಾಗಿ ಆಡಲೆಂದೇ ಇರುವ ಆಟದಲ್ಲಿ ಇದು ಒಂಟಿಯಾಗಿ ಅಲೆಯುವವನಿಗೆ ಕೊಟ್ಟ ಬಹುಮಾನವಾಗುತ್ತದೆ. ಹಂಚುವ ಮೊದಲು ಸದಸ್ಯರ ಸಂಖ್ಯೆಗೆ ತಕ್ಕಂತೆ ಮೊತ್ತವನ್ನು ಹಿಗ್ಗಿಸಬಹುದು. ಆದರೆ ಕದನಕ್ಕೆ ಕೈಹಾಕದೆ ಅದೇ ಕೋಣೆಯಲ್ಲಿ ಸುಮ್ಮನೆ ನಿಂತವರಿಗೂ ಪಾಲು ಹೋಗುವುದರಿಂದ, ಆ ಹಿಗ್ಗುವಿಕೆಗೂ ಒಂದು ಮಿತಿಯನ್ನು ಆರಂಭದಲ್ಲೇ ನಿಗದಿಪಡಿಸಬೇಕು.